ಮಳೆಗಾಲದ ಮನೆಯಲ್ಲಿ ಮಕ್ಕಳ ವಿಜ್ಞಾನ

ಆಷಾಢ ಮಾಸದ ಮಲೆನಾಡನ್ನು ಬಲ್ಲವರಿಗೆ ಹೆಚ್ಚಾಗಿ ಹೇಳಬೇಕಾದುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ತೋಟದ ಮನೆಗಳಲ್ಲಿ ಸೂರ್ಯನ ಮುಖ ಕಾಣದೆ ದಿನಗಟ್ಟಲೆ ಕಳೆಯುವುದುಂಟು. ಹಳ್ಳ ತುಂಬಿ ಹರಿದರೆ ಶಾಲೆಗೆ ರಜೆ. ಅಂಗಳಕ್ಕಿಳಿದರೆ ಪಾಚಿಯ ಜಾರಿಕೆ. ಜಗಲಿಯಲ್ಲಿ ಕುಳಿತರೆ ಎರಚಲು. ಹೀಗೆ ಮನೆಯೊಳಗೆ ಸೆರೆಯಾದ ಮಕ್ಕಳು ಮಾಡುವ ಮೊದಲನೆಯ ಕೆಲಸ ಗಲಾಟೆ. ಎರಡನೆಯದು ಪ್ರಶ್ನೆ ಕೇಳುವುದು. ಈ ಎರಡಕ್ಕೂ ಹಿರಿಯರು ಕೊಡುವ ಉತ್ತರವು ಬಹುಮಟ್ಟಿಗೆ ಒಂದೇ: "ಸುಮ್ಮನಿರು." ಗಲಾಟೆಯು ಅರೆಗಳಿಗೆಯಲ್ಲಿ ಮತ್ತೆ ಏಳುತ್ತದೆ, ಅದಕ್ಕೆ ಸಾವಿಲ್ಲ. ಪ್ರಶ್ನೆಯ ಸ್ವಭಾವ ಹಾಗಲ್ಲ. ನಾಲ್ಕು ಸಲ ಅದನ್ನು ತಡೆದರೆ ಐದನೆಯ ಸಲ ಅದು ಏಳುವುದೇ ಇಲ್ಲ.

ಆ ಪ್ರಶ್ನೆಯನ್ನು ಉಳಿಸಿಕೊಳ್ಳುವುದಕ್ಕೆ ಮನೆಯಲ್ಲಿಯೇ ಇರುವ ಸಾಮಾನುಗಳಿಂದ ಮಾಡಬಹುದಾದ ಕೆಲವು ಪ್ರಯೋಗಗಳನ್ನು ಇಲ್ಲಿ ವಾಚಕರ ಮುಂದಿಡುವೆವು. ವಿಜ್ಞಾನಕ್ಕೆ ಗಾಜಿನ ಕೊಳವೆಗಳೂ ಬೆಲೆಬಾಳುವ ಯಂತ್ರಗಳೂ ಇಲ್ಲದೆ ನಡೆಯದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು ಮುಂದೆ ಜಗತ್ಪ್ರಸಿದ್ಧ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆಯು 1860ರ ಕ್ರಿಸ್‌ಮಸ್ ಕಾಲದಲ್ಲಿ ಲಂಡನ್ನಿನ ಎಳೆಯರ ಮುಂದೆ ಆರು ಉಪನ್ಯಾಸಗಳನ್ನು ಕೊಟ್ಟನು. ಆರಕ್ಕೂ ವಸ್ತು ಒಂದು ಮೇಣದ ಬತ್ತಿ. ನಮ್ಮ ನಾಡಿನಲ್ಲಿಯೂ ಈ ಹಂಬಲ ಹೊಸದಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಬರೆದರು. 1978ರಲ್ಲಿ 'ಬಾಲವಿಜ್ಞಾನ'ವೆಂಬ ಮಾಸಪತ್ರಿಕೆ ಹುಟ್ಟಿತು. ಹೀಗೆ ಓದುವುದಕ್ಕೆ ಸಾಮಗ್ರಿಯುಂಟು. ಕೈಯಿಂದ ಮಾಡುವ ಅಭ್ಯಾಸವು ಮಾತ್ರ ಮನೆಯಲ್ಲಿಯೇ ಮೊದಲಾಗಬೇಕು.

ಪ್ರಯೋಗಗಳನ್ನು ಹೇಳುವುದಕ್ಕೆ ಮುಂಚೆ ಒಂದು ನಿಯಮ. ಮಗುವು ಯಾವ ಪ್ರಯೋಗವನ್ನೇ ಮಾಡಲಿ, ಮೊದಲು ಏನಾಗುವುದೆಂದು ಊಹಿಸಬೇಕು. ಅನಂತರ ಮಾಡಿ ನೋಡಬೇಕು. ಕಡೆಯಲ್ಲಿ ಕಾರಣವನ್ನು ಹುಡುಕಬೇಕು. ಊಹೆಯಿಲ್ಲದ ಪ್ರಯೋಗವು ಬರಿಯ ಜಾದು. ಅದನ್ನು ನೋಡಿ ಮಗು ಚಪ್ಪಾಳೆ ತಟ್ಟೀತು, ಕಲಿಯುವುದು ಕಡಿಮೆ. ಊಹೆ ತಪ್ಪಾಯಿತೆಂದು ನಗಬಾರದು. ತಪ್ಪಿದ ಊಹೆಯೇ "ಹಾಗಾದರೆ ಏಕೆ?" ಎಂಬ ಮಾತನ್ನು ಹುಟ್ಟಿಸುವುದು.

ಅರಿಸಿನವೂ ಸುಣ್ಣವೂ

ಮೊದಲಿಗೆ ಅಡಿಗೆಮನೆಯ ಅರಿಸಿನವನ್ನೇ ತೆಗೆದುಕೊಳ್ಳೋಣ. ಆರತಿಯ ತಟ್ಟೆಯ ಕೆನ್ನೀರನ್ನು ಕಾಣದ ಮಗು ನಮ್ಮಲ್ಲಿಲ್ಲ. ಹಳದಿಯ ಅರಿಸಿನಕ್ಕೆ ಬಿಳಿಯ ಸುಣ್ಣ ಸೇರಿದರೆ ಕೆಂಪು ಬರುವುದನ್ನು ಮನೆಯ ಹೆಂಗಸರೆಲ್ಲರೂ ಬಲ್ಲರು. ಇಷ್ಟು ಪರಿಚಿತವಾದುದರಿಂದಲೇ ಇದರಲ್ಲಿರುವ ಆಶ್ಚರ್ಯವನ್ನು ನಾವು ಮರೆತಿರುವೆವು.

ನಾಲ್ಕು ಬಟ್ಟಲುಗಳಲ್ಲಿ ಅರಿಸಿನದ ನೀರನ್ನು ಇಡಿರಿ. ಒಂದಕ್ಕೆ ಎಲೆಯಡಿಕೆಯ ಸುಣ್ಣವನ್ನು ಕಡಲೆಕಾಳಿನಷ್ಟು, ಇನ್ನೊಂದಕ್ಕೆ ಒಲೆಯ ಬೂದಿಯನ್ನು ಕದಡಿ ತಿಳಿಯಾಗಿಸಿದ ನೀರನ್ನು, ಮೂರನೆಯದಕ್ಕೆ ಬಟ್ಟೆಯ ಸಾಬೂನಿನ ನೀರನ್ನು, ನಾಲ್ಕನೆಯದಕ್ಕೆ ಸೀಗೆಪುಡಿಯ ನೀರನ್ನು ಹಾಕಿರಿ. ಹಾಕುವುದಕ್ಕೆ ಮುಂಚೆ ಪ್ರತಿಯೊಂದರ ಬಣ್ಣವನ್ನು ಮಗು ಊಹಿಸಲಿ. ಮೊದಲಿನ ಮೂರೂ ಕೆಂಪಾಗುವುವು. ಸಾಬೂನೂ ಸೀಗೆಯೂ ಎರಡೂ ಕೊಳೆ ತೆಗೆಯತಕ್ಕವಾದುದರಿಂದ ಎರಡೂ ಒಂದೇ ಎಂದು ಮಗು ಊಹಿಸಿರುವುದು. ಸೀಗೆಯ ಬಟ್ಟಲು ಹಳದಿಯಾಗಿಯೇ ಉಳಿದುದನ್ನು ಕಂಡು ಬೆರಗಾಗುವುದು.

ಸುಣ್ಣ, ಬೂದಿ, ಸಾಬೂನು ಇವು ಕ್ಷಾರಗಳು. ಅರಿಸಿನದ ಬಣ್ಣವು ಕ್ಷಾರದಲ್ಲಿ ಕೆಂಪಾಗುವುದು. ಹುಳಿಯ ಪದಾರ್ಥಗಳು ಆಮ್ಲಗಳು. ಅವು ಕ್ಷಾರದ ಗುಣವನ್ನು ಮುರಿಯುವುವು. ಈಗ ಕೆಂಪಾದ ಬಟ್ಟಲಿಗೆ ನಿಂಬೆಯ ರಸವನ್ನು ಹನಿಹನಿಯಾಗಿ ಹಿಂಡಿದರೆ ಒಂದು ಹನಿಯ ವೇಳೆಗೆ ಕೆಂಪು ಮಾಯವಾಗಿ ಹಳದಿ ಹಿಂದಿರುಗುವುದು. ಎಷ್ಟನೆಯ ಹನಿಯಲ್ಲಿ ತಿರುಗಿತೆಂದು ಮಗು ಎಣಿಸಲಿ. ಹುಣಿಸೆಯ ನೀರಿಗೆ ಎಷ್ಟು ಹನಿ ಬೇಕು? ಹುಳಿಮಜ್ಜಿಗೆಗೆ ಎಷ್ಟು? ಹೀಗೆ ಎಣಿಸಿದ ಮಗು ಯಾವ ಹುಳಿ ಎಷ್ಟು ಹುಳಿಯೆಂಬುದನ್ನು ನಾಲಗೆಯ ಸಹಾಯವಿಲ್ಲದೆ ಅಳೆದಂತಾಯಿತು. ದಾಸವಾಳದ ಹೂವಿನ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಯಿಟ್ಟ ರಸವೂ ಇದೇ ಜಾತಿಯದು: ನಿಂಬೆಗೆ ಕೆಂಪೇರುವುದು, ಸುಣ್ಣದ ತಿಳಿನೀರಿಗೆ ಹಸಿರಾಗುವುದು. ಸುಣ್ಣವು ಕಣ್ಣಿಗೆ ಬಿದ್ದರೆ ಅಪಾಯವಾದುದರಿಂದ ಅದನ್ನು ಹಿರಿಯರೇ ಹಾಕಿಕೊಡತಕ್ಕದ್ದು. ಸುಟ್ಟ ಹಸಿ ಸುಣ್ಣವನ್ನಂತೂ ಮಕ್ಕಳ ಹತ್ತಿರಕ್ಕೂ ತರಬಾರದು.

ತೇಲುವ ಆಲೂಗಡ್ಡೆ

ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕುವ ಮನೆಗಳಲ್ಲಿ ಉಪ್ಪುನೀರು ಅಪರೂಪವಲ್ಲ. ಅಗಲವಾದ ಗಾಜಿನ ಪಾತ್ರೆಯಲ್ಲಿ ಒಂದು ಲೀಟರು ನೀರನ್ನು ತುಂಬಿ ಚಿಕ್ಕ ಆಲೂಗಡ್ಡೆಯೊಂದನ್ನು ಬಿಡಿರಿ, ಅದು ಮುಳುಗುವುದು. ಉಪ್ಪನ್ನು ಚಮಚ ಚಮಚವಾಗಿ ಹಾಕಿ ಕದಡುತ್ತ ಬಂದರೆ ನೂರರಿಂದ ನೂರೈವತ್ತು ಗ್ರಾಂ ಉಪ್ಪು ಕರಗುವಷ್ಟರಲ್ಲಿ ಅದು ತಳವನ್ನು ಬಿಟ್ಟು ಮೇಲಕ್ಕೆ ಬರುವುದು. ಉಪ್ಪು ಅದನ್ನು ತಳ್ಳಿತೆಂದು ಮಗು ಹೇಳಬಹುದು. ಹಾಗಾದರೆ ಕರಗದೆ ತಳದಲ್ಲಿ ಕುಳಿತ ಉಪ್ಪು ಏಕೆ ತಳ್ಳಲಿಲ್ಲವೆಂದು ಕೇಳಿರಿ.

ಯಾವ ವಸ್ತುವೇ ಆಗಲಿ, ನೀರಿನಲ್ಲಿ ತಾನು ಆಕ್ರಮಿಸಿದ ಜಾಗದ ನೀರಿನ ತೂಕದಷ್ಟು ಬಲದಿಂದ ಮೇಲಕ್ಕೆ ಒತ್ತಲ್ಪಡುವುದು. ಎರಡು ಸಾವಿರ ವರ್ಷಗಳಿಗೂ ಹಿಂದೆ ಆರ್ಕಿಮಿಡೀಸನು ಕಂಡುಕೊಂಡ ನಿಯಮವಿದು. ಉಪ್ಪು ಕರಗಿದ ನೀರು ಅದೇ ಅಳತೆಯ ಸಿಹಿನೀರಿಗಿಂತ ತೂಕವುಳ್ಳದ್ದು. ಆದುದರಿಂದ ಅದರ ಒತ್ತು ಹೆಚ್ಚು. ಈಗ ತೇಲುತ್ತಿರುವ ಗಡ್ಡೆಯ ಮೇಲೆ ಪಾತ್ರೆಯ ಅಂಚಿನಿಂದ ಬಹಳ ಮೆಲ್ಲಗೆ ಸಿಹಿನೀರನ್ನು ಇಳಿಬಿಟ್ಟರೆ, ಉಪ್ಪುನೀರು ಕೆಳಗೂ ಸಿಹಿನೀರು ಮೇಲೂ ನಿಂತು, ಗಡ್ಡೆಯು ನಡುನೀರಿನಲ್ಲಿ ತೂಗಿ ಹಾಕಿದಂತೆ ನಿಲ್ಲುವುದು.

ದೀಪ, ನೀರು ಮತ್ತು ನಮ್ಮ ತಪ್ಪು

ಮೂರನೆಯ ಪ್ರಯೋಗದ ವಿಷಯದಲ್ಲಿ ನಮಗಾದ ಅನುಭವವನ್ನು ಮುಚ್ಚಿಡದೆ ಹೇಳುವೆವು.

ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ, ನಡುವೆ ಮೇಣದ ಬತ್ತಿಯನ್ನು ನಿಲ್ಲಿಸಿ ಹೊತ್ತಿಸಿ, ಅದರ ಮೇಲೆ ಗಾಜಿನ ಲೋಟವನ್ನು ಮಗುಚಿ ಹಾಕಿದರೆ, ದೀಪವು ಕುಂದಿ ಆರಿ, ತಟ್ಟೆಯ ನೀರು ಲೋಟದೊಳಕ್ಕೆ ಏರುವುದು. ನಾವು ಬಾಲ್ಯದಲ್ಲಿ ಓದಿದ ಪಾಠದ ಪುಸ್ತಕವೊಂದರಲ್ಲಿ ಇದಕ್ಕೆ ಕಾರಣವನ್ನು ಹೀಗೆ ಕೊಟ್ಟಿದ್ದಿತು: ಗಾಳಿಯಲ್ಲಿ ಐದನೆಯ ಒಂದು ಪಾಲು ಆಮ್ಲಜನಕ, ದೀಪವು ಅದನ್ನು ತಿಂದು ಮುಗಿಸುವುದು, ಆ ಖಾಲಿ ಜಾಗಕ್ಕೆ ನೀರು ಏರುವುದು. ಈ ಉತ್ತರವನ್ನು ನಾವು ಜೀವಮಾನವೆಲ್ಲ ನಂಬಿದ್ದೆವು. ಮಳೆಗಾಲದ ಒಂದು ಸಂಜೆ ಒಂಬತ್ತು ವರ್ಷದ ಮೊಮ್ಮಗಳಿಗೆ ಪ್ರಯೋಗವನ್ನು ತೋರಿಸಿ, ಇದೇ ಉತ್ತರವನ್ನು ಗಂಭೀರವಾಗಿ ಒಪ್ಪಿಸಿದೆವು. ಹುಡುಗಿಯು ಲೋಟವನ್ನೇ ನೋಡುತ್ತ ಕುಳಿತಿದ್ದವಳು ಹೇಳಿದಳು:

"ಅಜ್ಜಯ್ಯ, ದೀಪ ಉರೀವಾಗ ನೀರು ಏರ್ಲೇ ಇಲ್ಲ. ಆರಿದ ಮೇಲೆ ಏರ್ತು. ಉಂಡು ಮುಗಿಸಿದ ಮೇಲೆ ಯಾರಾದ್ರೂ ಉಣ್ತಾರಾ?"

"ಸುಮ್ಮನಿರು" ಎಂಬ ಮಾತು ನಮ್ಮ ನಾಲಗೆಯ ತುದಿಗೆ ಬಂದಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಅಚ್ಚಾದ ಪುಸ್ತಕವೂ ನರೆತ ಕೂದಲೂ ಒಂದು ಕಡೆ. ಹುಡುಗಿಯ ಕಣ್ಣು ಇನ್ನೊಂದು ಕಡೆ. ಕೊನೆಗೆ ಮತ್ತೊಮ್ಮೆ ಮಾಡಿ ನೋಡೋಣವೆಂದೆವು. ಎರಡನೆಯ ಸಲ ಲೋಟವನ್ನು ಮುಚ್ಚಿದೊಡನೆ ಅದರ ಅಂಚಿನಿಂದ ಎರಡು ಮೂರು ಗುಳ್ಳೆಗಳು ಹೊರಕ್ಕೆ ಬಂದುವು. ಮೊದಲು ಅದನ್ನು ನಾವು ಗಮನಿಸಿಯೇ ಇರಲಿಲ್ಲ. ಮೂರನೆಯ ಸಲ ಒಂದು ಬತ್ತಿಗೆ ಬದಲಾಗಿ ಮೂರು ಬತ್ತಿಗಳನ್ನು ಹೊತ್ತಿಸಿ ಅದೇ ಲೋಟವನ್ನು ಮುಚ್ಚಿದೆವು. ಲೋಟದೊಳಗಿನ ಗಾಳಿ ಅಷ್ಟೇ, ಆಮ್ಲಜನಕವೂ ಅಷ್ಟೇ. ಪುಸ್ತಕದ ಮಾತು ನಿಜವಾಗಿದ್ದರೆ ನೀರೂ ಅಷ್ಟೇ ಏರಬೇಕು. ಅದು ಮೊದಲಿಗಿಂತ ಸ್ಪಷ್ಟವಾಗಿ ಹೆಚ್ಚು ಎತ್ತರಕ್ಕೆ ಏರಿತು.

ನಾಲ್ಕನೆಯ ಸಲ ದೀಪವನ್ನೇ ಬಿಟ್ಟೆವು. ಗಾಜಿನ ಸೀಸೆಯೊಂದಕ್ಕೆ ಬಚ್ಚಲ ಹಂಡೆಯ ಬಿಸಿನೀರನ್ನು ತುಂಬಿ, ಸ್ವಲ್ಪ ಹೊತ್ತು ಬಿಟ್ಟು ಚೆಲ್ಲಿ, ಕೂಡಲೇ ತಟ್ಟೆಯ ನೀರಿನಲ್ಲಿ ಬಾಯಿ ಕೆಳಗಾಗಿ ನಿಲ್ಲಿಸಿದೆವು. ಸೀಸೆ ಆರುತ್ತ ಬಂದಂತೆ ನೀರು ಅದರ ಕೊರಳಿನಲ್ಲಿ ಏರಿತು. ಅಲ್ಲಿ ಉರಿಯುವುದು ಏನೂ ಇರಲಿಲ್ಲ, ಆದರೂ ನೀರು ಏರಿತು!

ನಿಜವಾದ ಮುಖ್ಯ ಕಾರಣವು ಕಾವು. ಉರಿಯ ಬಿಸಿಗೆ ಗಾಳಿಯು ಹಿಗ್ಗಿ ಸ್ವಲ್ಪ ಭಾಗ ಹೊರಕ್ಕೆ ಹೋಗುವುದು. ದೀಪ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುವುದು. ಆಗ ಹೊರಗಿನ ಗಾಳಿಯ ಒತ್ತಡವು ನೀರನ್ನು ಒಳಕ್ಕೆ ತಳ್ಳುವುದು. ಬತ್ತಿಗಳು ಹೆಚ್ಚಿದಷ್ಟೂ ಕಾವು ಹೆಚ್ಚು, ಏರಿಕೆಯೂ ಹೆಚ್ಚು. ದೀಪವು ಆಮ್ಲಜನಕವನ್ನು ಬಳಸುವುದು ನಿಜವೇ. ಆದರೆ ಅದು ಪೂರ್ತಿ ಮುಗಿಯುವುದಕ್ಕೆ ಬಹಳ ಮುಂಚೆಯೇ ದೀಪ ಆರುವುದು. ಬಳಸಿದುದಕ್ಕೆ ಬದಲಾಗಿ ಇಂಗಾಲದ ಡೈಆಕ್ಸೈಡೂ ನೀರಿನ ಆವಿಯೂ ಹುಟ್ಟುವುವು. "ನಾವು ಹೇಳಿದ್ದು ತಪ್ಪು, ನೀನು ಕಂಡದ್ದೇ ಸರಿ" ಎಂದು ಹುಡುಗಿಗೆ ಹೇಳಿದೆವು. ನಮ್ಮ ಗೌರವಕ್ಕೆ ಇದರಿಂದ ಕುಂದು ಬಂದೀತೆಂದು ಭಯಪಟ್ಟಿದ್ದೆವು. ಅಂಥದೇನೂ ಆಗಲಿಲ್ಲ. ಅಂದಿನಿಂದ ಅವಳ ಪ್ರಶ್ನೆಗಳು ಮಾತ್ರ ಇಮ್ಮಡಿಯಾದುವು.

ಬೆಂಕಿಯ ಪ್ರಯೋಗವನ್ನು ಹಿರಿಯರು ಪಕ್ಕದಲ್ಲಿದ್ದೇ ಮಾಡಿಸಬೇಕು. ಸೀಸೆಗೆ ಕುದಿಯುವ ನೀರನ್ನು ಹುಯ್ದರೆ ಅದು ಒಡೆಯುವುದು. ಕೈಗೆ ತಾಳುವಷ್ಟು ಬಿಸಿ ಸಾಕು.

ಮಳೆಯನ್ನು ಅಳೆಯುವುದು

ಮನೆಯೊಳಗಿನ ಪ್ರಯೋಗಗಳು ಮುಗಿದರೆ ಅಂಗಳದಲ್ಲಿ ಸುರಿಯುತ್ತಿರುವ ಮಳೆಯೇ ಉಂಟು. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಾಗಿರುವ ಎರಡು ಡಬ್ಬಿಗಳನ್ನು, ಒಂದು ಅಗಲವಾದುದು, ಒಂದು ಕಿರಿದಾದುದು, ಸೂರಿನಿಂದಲೂ ಮರಗಳಿಂದಲೂ ದೂರವಾಗಿ ಬಯಲಿನಲ್ಲಿ ಇಡಿರಿ. ಬೆಳಿಗ್ಗೆ ಯಾವುದರಲ್ಲಿ ನೀರು ಹೆಚ್ಚು ಎತ್ತರವಿರುವುದು? ಅಗಲವಾದುದರಲ್ಲಿ ಎಂದು ಕೆಲವು ಮಕ್ಕಳು, ಕಿರಿದಾದುದರಲ್ಲಿ ಎಂದು ಕೆಲವರು ಹೇಳುವರು. ಅಳತೆಯ ಪಟ್ಟಿಯನ್ನು ಇಳಿಬಿಟ್ಟು ನೋಡಿದರೆ ಎರಡೂ ಸಮ. ಬಾಯಿ ಅಗಲವಾದರೆ ಹಿಡಿಯುವ ಮಳೆಯೂ ಹೆಚ್ಚು, ತುಂಬಬೇಕಾದ ಜಾಗವೂ ಅಷ್ಟೇ ಹೆಚ್ಚು. ಬಾಯಿ ಅಗಲವಾಗಿ ತಳ ಕಿರಿದಾದ ಪಾತ್ರೆಯಲ್ಲಿ ಈ ಸಮತೆ ಕೆಡುವುದು. ಏಕೆಂಬುದನ್ನು ಮಗುವೇ ಯೋಚಿಸಲಿ.

ಹವಾಮಾನ ಇಲಾಖೆಯವರು ಮಳೆಯ ಅಳತೆ ತೆಗೆಯುವುದು ಬೆಳಿಗ್ಗೆ 8 ಗಂಟೆ 30 ನಿಮಿಷಕ್ಕೆ. ನಮ್ಮ ಮಕ್ಕಳೂ ಅದೇ ಹೊತ್ತಿಗೆ ಅಳೆದು ಬರೆದಿಡಲಿ. ಇದರಿಂದ ಲೆಕ್ಕಕ್ಕೂ ದಾರಿಯಾಗುವುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರು ನೀರು. 150 ಚದರ ಮೀಟರು ನೆಲವನ್ನು ಮುಚ್ಚುವ ಮಾಡಿನ ಮೇಲೆ ಒಂದು ದಿನ 50 ಮಿಲಿಮೀಟರು ಸುರಿದರೆ ನಮ್ಮ ಸೂರಿನಿಂದ ಇಳಿದದ್ದು 7500 ಲೀಟರು. ಬೇಸಗೆಯಲ್ಲಿ ಬಾವಿ ಬತ್ತಿದಾಗ ಈ ಅಂಕಿ ಮಕ್ಕಳಿಗೆ ನೆನಪಾಗುವುದು ಒಳ್ಳೆಯದು.

ನಮ್ಮ ಕಡೆಯ ಮನೆತನಗಳಿಗೆ ಮೂರು ತಾಲ್ಲೂಕುಗಳಲ್ಲಿಯೂ ನೆಂಟರುಂಟು. ಶೃಂಗೇರಿಯ ಸೋದರಮಾವನ ಮನೆಯ ಮಕ್ಕಳೂ, ಕೊಪ್ಪದವರೂ, ನರಸಿಂಹರಾಜಪುರದ ಅತ್ತೆಯ ಮನೆಯವರೂ ಒಂದೇ ತಿಂಗಳು ಹೀಗೆ ಅಳೆದು ಒಬ್ಬರಿಗೊಬ್ಬರು ತಿಳಿಸಿಕೊಂಡರೆ ಸೊಗಸಾದ ಪಾಠವಾಗುವುದು. ಅರಬ್ಬಿ ಸಮುದ್ರದಿಂದ ಬರುವ ಗಾಳಿಯು ಘಟ್ಟವನ್ನು ಹತ್ತುವಾಗ ತಣಿದು ಮಳೆಗರೆಯುವುದು. ಘಟ್ಟವನ್ನು ದಾಟಿ ಪೂರ್ವಕ್ಕೆ ಹೋದಂತೆ ಅದರಲ್ಲಿ ಉಳಿದ ನೀರು ಕಡಿಮೆ. ಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುವುದು ಇದರಿಂದಲೇ. ನೆತ್ತಿಗೆ ಹತ್ತಿರದ ಶೃಂಗೇರಿಗೂ ಪೂರ್ವದ ನರಸಿಂಹರಾಜಪುರಕ್ಕೂ ಇರುವ ಅಂತರವನ್ನು ಮಕ್ಕಳು ತಮ್ಮ ಡಬ್ಬಿಗಳಲ್ಲಿಯೇ ಕಾಣುವರು.

ಬಿಸಿಲು ಬಂದ ಮೇಲೆ

ಮಳೆ ಹೊಳವಾಗಿ ಬಿಸಿಲು ಬಂದಾಗ ಅಡಿಕೆಯ ತೋಟದಲ್ಲಿ ನೆಲವನ್ನು ನೋಡಿರಿ. ಸೋಗೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆಗಳಲ್ಲಿ ಬಹಳಷ್ಟು ದುಂಡಾಗಿರುವುವು. ಸಂದುಗಳು ದುಂಡಾಗಿಲ್ಲವಲ್ಲ! ರಟ್ಟಿನಲ್ಲಿ ಎರಡು ಮಿಲಿಮೀಟರಿನ ಚೌಕನೆಯ ತೂತು ಮಾಡಿ, ಬಿಸಿಲಿಗೆ ಹಿಡಿದು, ಎರಡು ಮೀಟರು ದೂರದಲ್ಲಿ ಸೂರ್ಯನಿಗೆ ನೇರವಾಗಿ ಬಿಳಿಯ ಕಾಗದವನ್ನು ಹಿಡಿದರೆ ಅಲ್ಲಿಯೂ ಬೀಳುವುದು ದುಂಡು ಚುಕ್ಕೆಯೇ. ಆ ಚುಕ್ಕೆಯು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಕಡೆ ಕಂಕಣ ಗ್ರಹಣವಾಯಿತು. ನಮ್ಮ ಕಡೆಯಲ್ಲಿಯೂ ಸೂರ್ಯನ ಬಹುಭಾಗ ಮರೆಯಾಯಿತು. ಅಂಥ ಹೊತ್ತಿನಲ್ಲಿ ಮರದಡಿಯ ಚುಕ್ಕೆಗಳೆಲ್ಲ ಬಿದಿಗೆಯ ಚಂದ್ರನಂತಾಗುವುದೂ ಇದೇ ಕಾರಣದಿಂದ.

ಕಾಗದದ ಮೇಲಿನ ಚುಕ್ಕೆಯ ಅಗಲದಿಂದ ತೂತಿನ ಅಗಲವನ್ನು ಕಳೆದರೆ ಸುಮಾರು 18 ಅಥವಾ 19 ಮಿಲಿಮೀಟರು ಉಳಿಯುವುದು. ಎರಡು ಮೀಟರನ್ನು ಇದರಿಂದ ಭಾಗಿಸಿದರೆ ಬರುವುದು ನೂರೆಂಟರ ಆಸುಪಾಸು. ಎಂದರೆ ಸೂರ್ಯನು ತನ್ನ ವ್ಯಾಸದ ಸುಮಾರು ನೂರೆಂಟು ಪಾಲು ದೂರದಲ್ಲಿರುವನು. ಆ ದೂರವು ಸುಮಾರು 15 ಕೋಟಿ ಕಿಲೋಮೀಟರು. ಅದನ್ನು 108ರಿಂದ ಭಾಗಿಸಿದರೆ ವ್ಯಾಸವು ಸುಮಾರು 14 ಲಕ್ಷ ಕಿಲೋಮೀಟರು. ತೂತು ಬಿದ್ದ ರಟ್ಟಿನ ಚೂರಿನಿಂದ ಕೊಪ್ಪದ ಒಂದು ಅಂಗಳದಲ್ಲಿ ನಿಂತು ಮಗುವು ಸೂರ್ಯನನ್ನು ಅಳೆಯಬಹುದು. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು. ತೂತಿನ ಮೂಲಕ ನೋಡುವುದೂ ಕೂಡದು. ಬಿಂಬವನ್ನು ಕಾಗದದ ಮೇಲೆಯೇ ನೋಡತಕ್ಕದ್ದು.

ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ಕಂಡವರು ಅನೇಕರು. ಆಯಾ ಮಾಸದಲ್ಲಿ ಆಯಾ ರಾಶಿಯ ಕಂಬದ ಮೇಲೆ ಸೂರ್ಯಕಿರಣ ಬೀಳುವುದೆಂಬ ಹೇಳಿಕೆಯುಂಟು. ಸೂರ್ಯನು ವರ್ಷವಿಡೀ ಸ್ಥಳವನ್ನು ಬದಲಿಸುವುದನ್ನು ನಮ್ಮ ಮನೆಯಂಗಳದಲ್ಲಿಯೂ ಅಳೆಯಬಹುದು. ಒಂದು ಮೀಟರು ಎತ್ತರದ ಕೋಲನ್ನು ನೆಟ್ಟಗೆ ಊರಿ, ದಿನದಲ್ಲಿ ನೆರಳು ಅತ್ಯಂತ ಚಿಕ್ಕದಾಗುವ ಹೊತ್ತನ್ನು ಗುರುತಿಸಿರಿ. ಡಿಸೆಂಬರ್ 22ರಂದು ಆ ನೆರಳು ಉತ್ತರಕ್ಕೆ ಸುಮಾರು 75 ಸೆಂಟಿಮೀಟರು ಚಾಚುವುದು. ದಿನದಿನಕ್ಕೆ ಕುಗ್ಗುತ್ತ ಬಂದು, ಏಪ್ರಿಲ್ 26ರ ಆಸುಪಾಸಿನಲ್ಲಿ ಮಧ್ಯಾಹ್ನ ಕೋಲಿಗೆ ನೆರಳೇ ಇರದು. ಜೂನ್ 21ರಂದು ಮೋಡ ಎಡೆಗೊಟ್ಟರೆ ನೆರಳು ದಕ್ಷಿಣಕ್ಕೆ ಸುಮಾರು 17 ಸೆಂಟಿಮೀಟರು ಬೀಳುವುದು! ಇನ್ನೊಂದು ವಿಷಯವನ್ನೂ ಮಗು ಕಂಡುಹಿಡಿಯುವುದು: ಏಪ್ರಿಲಿನ ಕೊನೆಯಲ್ಲಾಗಲಿ ಡಿಸೆಂಬರಿನ ಕೊನೆಯಲ್ಲಾಗಲಿ ನೆರಳು ಅತ್ಯಂತ ಚಿಕ್ಕದಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 27 ನಿಮಿಷಕ್ಕೆ. ನಮ್ಮ ದೇಶದ ಗಡಿಯಾರಗಳೆಲ್ಲ 82½ ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿವೆ. ನಾವು ಅದಕ್ಕೆ ಏಳು ಡಿಗ್ರಿಗಳಷ್ಟು ಪಶ್ಚಿಮದಲ್ಲಿದ್ದೇವೆ. ಸೂರ್ಯನು ನಮ್ಮ ನೆತ್ತಿಗೆ ಅಷ್ಟು ತಡವಾಗಿ ಬರುವನು.

ಒಂದು ಹಳೆಯ ಲೆಕ್ಕದ ಪುಸ್ತಕ

ಇಷ್ಟಕ್ಕೂ ಬೇಕಾದುದು ಅರಿಸಿನ, ಸುಣ್ಣ, ಉಪ್ಪು, ಬತ್ತಿ, ಡಬ್ಬಿ, ರಟ್ಟು, ಕೋಲು. ಇವುಗಳ ಜೊತೆಗೆ ಹಳೆಯ ಲೆಕ್ಕದ ಪುಸ್ತಕವೊಂದನ್ನು ಮಗುವಿನ ಕೈಗೆ ಕೊಡಿರಿ. ಅದರಲ್ಲಿ ಮೂರು ಅಂಕಣಗಳನ್ನು ಗೆರೆ ಹಾಕಲಿ: ಊಹೆ, ಕಂಡದ್ದು, ಕಾರಣ. ಮೊದಲಿನೆರಡು ಅಂಕಣಗಳನ್ನು ಮಗುವೇ ತುಂಬತಕ್ಕದ್ದು. ಅಲ್ಲಿ ಹಿರಿಯರು ಕೈಯಿಡಬಾರದು. ಮೂರನೆಯದನ್ನು ಇಬ್ಬರೂ ಸೇರಿ ತುಂಬಬಹುದು. ಕಾರಣ ತಿಳಿಯದಿದ್ದರೆ ಆ ಜಾಗವನ್ನು ಖಾಲಿ ಬಿಡಿರಿ. ತಪ್ಪು ಉತ್ತರದಿಂದ ತುಂಬಿದ ಅಂಕಣಕ್ಕಿಂತ ಖಾಲಿಯ ಅಂಕಣವು ಮೇಲು. ಅದನ್ನು ಮುಂದೊಂದು ದಿನ ತುಂಬಬೇಕೆಂಬ ನೆನಪಾದರೂ ಉಳಿಯುವುದು.

ನಮ್ಮ ಮನೆಯ ಪುಸ್ತಕದಲ್ಲಿ ಆ ಸಂಜೆಯ ಪುಟ ಇನ್ನೂ ಇದೆ. ಕಾರಣದ ಅಂಕಣದಲ್ಲಿ ನಮ್ಮ ಕೈಬರಹದ ಒಂದು ಸಾಲು. ಅದರ ಮೇಲೆ ಅಡ್ಡಗೆರೆ. ಅದರ ಕೆಳಗೆ ಸೊಟ್ಟ ಅಕ್ಷರಗಳಲ್ಲಿ ಇನ್ನೊಂದು ಸಾಲು. ಅಡ್ಡಗೆರೆಯನ್ನು ಎಳೆದವರು ನಾವೇ.